ಹಿಂಗಿಟಕಿಯ ಕಥೆ

ಹಳೆಯ ಮೋಟಾರು ಕಾರುಗಳ ಸಂಗ್ರಹವನ್ನು ನೋಡಹೋದವರು, ಆ ಸಂಗ್ರಹ ನಮ್ಮ ಧರ್ಮಸ್ಥಳದ್ದಾಗಲಿ ಪರದೇಶದ್ದಾಗಲಿ, ಮೊದಲು ನಿಲ್ಲುವುದು ವಾಹನದ ಮುಂಭಾಗದಲ್ಲಿ. ಹೊಳೆಯುವ ದೀಪಗಳು, ನೀಳವಾದ ಬಾನೆಟ್ಟು, ಅದರ ತುದಿಯಲ್ಲಿ ರೆಕ್ಕೆಬಿಚ್ಚಿದ ಲೋಹದ ಪ್ರತಿಮೆ, ಕಡ್ಡಿಗಳ ಚಕ್ರ, ಇವನ್ನೆಲ್ಲ ಕಣ್ತುಂಬ ನೋಡಿ, ಒಳಗಿನ ಚರ್ಮದ ಆಸನಗಳನ್ನು ಒಮ್ಮೆ ಇಣಿಕಿ, ಮುಂದಿನ ಕಾರಿನತ್ತ ನಡೆದುಬಿಡುವುದೇ ವಾಡಿಕೆ. ಬಳಸಿಬಂದು ವಾಹನದ ಬೆನ್ನಿನ ಕಡೆಗೆ ನಿಂತು, ಅಲ್ಲಿಯ ಪುಟ್ಟ ಗಾಜನ್ನು ದಿಟ್ಟಿಸುವವರು ವಿರಳ. ಆದರೆ ಆ ಹಿಂಗಿಟಕಿ ಒಮ್ಮೆ ಎರಡು ಹೋಳಾಗಿಯೂ ಒಮ್ಮೆ ಅಂಡಾಕಾರವಾಗಿಯೂ ಒಮ್ಮೆ ಅಂಗೈಯಗಲವಾಗಿಯೂ ಇದ್ದುದನ್ನು ಕಂಡು, ಇದು ಬರಿಯ ಚೆಲುವಿಗಾಗಿ ಮಾಡಿದುದೇ ಎಂದು ಕೇಳಿಕೊಂಡವನಿಗೆ, ಗಾಜೆಂಬ ವಸ್ತುವಿನ ಸ್ವಭಾವವನ್ನು ಮನುಷ್ಯನು ಅರಿತುಕೊಂಡ ದೀರ್ಘ ಚರಿತ್ರೆಯೇ ಅಲ್ಲಿ ತೆರೆದುಕೊಳ್ಳುತ್ತದೆ. ಇಂದು ನಾವು ಅಲಂಕಾರವೆಂದು ಮೆಚ್ಚುವ ಆ ಆಕೃತಿಗಳಲ್ಲಿ ಬಹುಪಾಲು, ತಮ್ಮ ಕಾಲದಲ್ಲಿ ಅನಿವಾರ್ಯತೆಗಳಾಗಿದ್ದುವು.

ಮೊದಲ ಉದಾಹರಣೆಯಾಗಿ, ಫರ್ಡಿನಾಂಡ್ ಪೋರ್ಷೆ ರೂಪಿಸಿದ, ಜೀರುಂಡೆಯ ಹೆಸರನ್ನೇ ಹೊತ್ತ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ತೆಗೆದುಕೊಳ್ಳೋಣ. ಅದರ ಎಂಜಿನು ಹಿಂಬದಿಯಲ್ಲಿ. ಅದನ್ನು ಮುಚ್ಚಿಕೊಂಡು ಇಳಿಯುವ ಬೆನ್ನು ನಿಜಕ್ಕೂ ಜೀರುಂಡೆಯ ಬೆನ್ನಿನಂತೆ ದುಂಡು. 1938ರ ಮಾದರಿಗಳಿಂದ ಮೊದಲುಗೊಂಡು 1953ರ ಮಾರ್ಚ್ ತಿಂಗಳವರೆಗೆ ತಯಾರಾದ ಬೀಟಲ್‌ಗಳಲ್ಲಿ, ಆ ಬೆನ್ನಿನ ಮೇಲ್ಗಡೆ ಎರಡು ಚಿಕ್ಕ ಗಾಜುಗಳು, ಅವುಗಳ ನಡುವೆ ನೆಟ್ಟಗೆ ನಿಂತ ಉಕ್ಕಿನ ಒಂದು ಪಟ್ಟಿ. ಜರ್ಮನರು ಇದನ್ನು ತಮ್ಮ ನಾಡಿನ ‘ಬ್ರೆಟ್ಸೆಲ್’ ಎಂಬ ಹೆಣೆದ ತಿನಿಸಿಗೆ ಹೋಲಿಸಿ, ಅಕ್ಕರೆಯಿಂದ ಬ್ರೆಟ್ಸೆಲ್ ಕಿಟಕಿಯೆಂದು ಕರೆದರು. ಸಮೀಪಕ್ಕೆ ಹೋಗಿ ನೋಡಿದರೆ, ಆ ಎರಡು ಗಾಜುಗಳೂ ಒಂದೇ ಸಮತಲದಲ್ಲಿಲ್ಲವೆಂಬುದೂ, ಅರ್ಧ ತೆರೆದಿಟ್ಟ ಪುಸ್ತಕದ ಎರಡು ಪುಟಗಳಂತೆ ತುಸುವೇ ಕೋನಗೊಂಡು ನಿಂತಿವೆಯೆಂಬುದೂ ಗೋಚರವಾಗುತ್ತದೆ. ಗುಟ್ಟಿರುವುದು ಅಲ್ಲಿಯೇ. ದುಂಡಾದ ಬೆನ್ನಿಗೆ ಚಪ್ಪಟೆಯಾದ ಒಂದೇ ದೊಡ್ಡ ಗಾಜು ಒಗ್ಗದು; ಬಾಗಿದ ಗಾಜು ಅಗ್ಗದ ಜನಸಾಮಾನ್ಯರ ಕಾರಿಗೆ ಎಟುಕದು; ಆದುದರಿಂದ ಚಪ್ಪಟೆಯಾದ ಎರಡು ಚಿಕ್ಕ ಗಾಜುಗಳನ್ನು ಓರೆಯಾಗಿ ಜೋಡಿಸಿ, ಬಾಗನ್ನು ಅನುಸರಿಸಿದಂತೆ ಮಾಡಿದರು.

ಗಾಜನ್ನು ಬಾಗಿಸುವುದು ಅಷ್ಟು ಕಷ್ಟವಾಗಿದ್ದಿತೇ ಎಂದು ಈಗಿನವರಿಗೆ ಅಚ್ಚರಿಯಾಗಬಹುದು. ಆ ಕಾಲದಲ್ಲಿ ಉತ್ತಮ ದರ್ಜೆಯ ಗಾಜನ್ನು ಪಡೆಯಬೇಕಾದರೆ, ಕರಗಿದ ಗಾಜನ್ನು ಉರುಳೆಗಳಿಂದ ಹಲಗೆಯಾಗಿಸಿ, ತಣಿದ ಬಳಿಕ ಅದರ ಎರಡು ಮೈಗಳನ್ನೂ ಮರಳಿನಿಂದ ಉಜ್ಜಿ, ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯಿಂದ ತಿಕ್ಕಿ ಹೊಳಪುಗೊಳಿಸಬೇಕಾಗಿದ್ದಿತು. ಹೀಗೆ ಶ್ರಮದಿಂದ ಸಮಗೊಳಿಸಿದ ಹಲಗೆಯನ್ನು ಅಚ್ಚಿನ ಮೇಲಿಟ್ಟು ಮತ್ತೆ ಕಾಯಿಸಿದರೆ, ಅದು ಮೆತ್ತಗಾಗಿ ತನ್ನ ಭಾರದಿಂದಲೇ ಕುಸಿದು ಬಾಗುತ್ತದೆ, ನಿಜ; ಆದರೆ ಅಚ್ಚಿಗೆ ತಗಲಿದ ಕಡೆ ಹೊಳಪು ಕೆಡುತ್ತದೆ, ದಪ್ಪದಲ್ಲಿ ಸೂಕ್ಷ್ಮವಾದ ಏರಿಳಿತಗಳು ಉಂಟಾಗುತ್ತವೆ. ಅಂತಹ ಪ್ರತಿಯೊಂದು ಏರಿಳಿತವೂ ಒಂದು ಮಸೂರವೇ ಸರಿ. ಅದರ ಮೂಲಕ ಕಂಡ ಬೀದಿ ನೀರಿನೊಳಗಿನ ಬಿಂಬದಂತೆ ಓಲಾಡುತ್ತದೆ. ನೋಡುವುದಕ್ಕಾಗಿ ಇಟ್ಟ ಕಿಟಕಿ ನೋಟವನ್ನೇ ಕೆಡಿಸಿದರೆ ಅದರಿಂದ ಪ್ರಯೋಜನವೇನು?

ಯುದ್ಧಾನಂತರದ ವರ್ಷಗಳಲ್ಲಿ ಗಾಜಿನ ತಯಾರಿಕೆ ಸುಧಾರಿಸಿತು. 1953ರ ಮಾರ್ಚಿನಲ್ಲಿ ಬೀಟಲ್‌ನ ನಡುಪಟ್ಟಿ ಮಾಯವಾಗಿ, ಅಖಂಡವಾದ ಒಂದು ಅಂಡಾಕಾರದ ಗಾಜು ಆ ಸ್ಥಾನಕ್ಕೆ ಬಂದಿತು. ಅದರ ವಿಸ್ತೀರ್ಣ ಹಿಂದಿನದಕ್ಕಿಂತ ಸುಮಾರು ಶೇಕಡಾ 23ರಷ್ಟು ಹೆಚ್ಚು. 1957ರ ಆಗಸ್ಟಿನಲ್ಲಿ ಅದೂ ಹೋಗಿ, ಬಹಳ ದೊಡ್ಡದಾದ ಆಯತಾಕಾರದ ಗಾಜು ಬಂದಿತು. ಇಲ್ಲೊಂದು ಸ್ವಾರಸ್ಯವಿದೆ. ಅಂಡಾಕಾರದ ಗಾಜು ಬಂದೊಡನೆ, ಹಳೆಯ ಬೀಟಲ್‌ಗಳ ಒಡೆಯರಲ್ಲಿ ಕೆಲವರು ತಮ್ಮ ಕಾರೂ ಹೊಸತರಂತೆ ಕಾಣಲೆಂದು ಗರಗಸ ಹಿಡಿದು ಆ ಉಕ್ಕಿನ ಪಟ್ಟಿಯನ್ನು ಕೊಯ್ದು ತೆಗೆದು, ಒಂದೇ ಗಾಜನ್ನು ಕೂರಿಸಿಕೊಂಡರು. ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುವುದು, ಅಧಿಕ ಬೆಲೆಯನ್ನು ಕೊಡುವುದು, ಕೊಯ್ಯದೆ ಉಳಿದ ಆ ಪಟ್ಟಿಯಿರುವ ಕಾರುಗಳಿಗೇ.

ಗಾಜಿನ ಮಿತಿಯಂತೆಯೇ ಲೋಹದ ಮಿತಿಯೂ ಹಿಂಗಿಟಕಿಯ ಆಕೃತಿಯನ್ನು ನಿರ್ಣಯಿಸಿದ್ದುಂಟು. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಮೋಲ್ಸ್‌ಹೈಮ್ ಊರಿನಲ್ಲಿ ಬುಗಾಟಿ ಮನೆತನದವರ ಕಾರ್ಖಾನೆಯಿದ್ದಿತು. ಅಲ್ಲಿ ಜಾನ್ ಬುಗಾಟಿ 1935ರಲ್ಲಿ ‘ಏರೋಲಿತ್’ ಎಂಬ ಮಾದರಿ ಕಾರೊಂದನ್ನು ಸಿದ್ಧಪಡಿಸಿದನು. ಅದರ ಮೈಗೆ ಬಳಸಿದುದು ಎಲೆಕ್ಟ್ರಾನ್ ಎಂಬ ಮೆಗ್ನೀಸಿಯಂ ಪ್ರಧಾನವಾದ ಮಿಶ್ರಲೋಹ. ಮೆಗ್ನೀಸಿಯಂ ಹಗುರವಾದುದು, ಗಟ್ಟಿಯಾದುದು, ಆದರೆ ಬೆಂಕಿ ಸೋಕಿದರೆ ಕಣ್ಣು ಕೋರೈಸುವಂತೆ ಉರಿಯುವಂಥದು. ಅದನ್ನು ಅಂದಿನ ವಿಧಾನಗಳಿಂದ ಬೆಸುಗೆ ಹಾಕುವುದು ಸುಲಭಸಾಧ್ಯವಾಗಿರಲಿಲ್ಲ. ಆದುದರಿಂದ ಕಾರಿನ ಎಡಬಲದ ಹಾಳೆಗಳ ಅಂಚನ್ನು ಮೇಲಕ್ಕೆ ಮಡಿಸಿ, ರಿವೆಟ್ಟುಗಳನ್ನು ಹೊಡೆದು ಜೋಡಿಸಿದರು. ಆ ಜೋಡಣೆ ನೆತ್ತಿಯಿಂದ ಬಾಲದವರೆಗೆ ಮೀನಿನ ಬೆನ್ನುರೆಕ್ಕೆಯಂತೆ ಎದ್ದು ನಿಂತಿತು. ಮುಂದೆ 1936ರಿಂದ 1938ರ ಅವಧಿಯಲ್ಲಿ ತಯಾರಾದ ನಾಲ್ಕೇ ನಾಲ್ಕು ‘ಅಟ್ಲಾಂಟಿಕ್’ ಕಾರುಗಳ ಮೈ ಅಲ್ಯುಮಿನಿಯಮಿನದು. ಅಲ್ಯುಮಿನಿಯಮಿಗೆ ಬೆಸುಗೆ ಸಾಧ್ಯ, ರಿವೆಟ್ಟಿನ ಅಗತ್ಯವಿಲ್ಲ. ಆದರೂ ಆ ಬೆನ್ನೆಲುಬನ್ನು ಹಾಗೆಯೇ ಉಳಿಸಿಕೊಂಡರು, ಅದರ ಇಕ್ಕೆಲಗಳಲ್ಲಿ ಎರಡು ಪುಟ್ಟ ಹಿಂಗಿಟಕಿಗಳನ್ನು ಇಟ್ಟರು. ಅನಿವಾರ್ಯತೆಯು ಅಲಂಕಾರವಾಗಿ ಮಾರ್ಪಡುವ ಗಳಿಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ವಾಹನವನ್ನು ನಾನು ಕಾಣೆ.

ಅಲಂಕಾರವೇ ಮುಂದಾಗಿ ಉಪಯೋಗವು ಹಿಂದಾದಾಗ ಏನಾಗುತ್ತದೆಂಬುದನ್ನು ಅಮೆರಿಕದ 1963ರ ಷೆವರ್ಲೆ ಕಾರ್ವೆಟ್ ಸ್ಟಿಂಗ್ ರೇ ತಿಳಿಸುತ್ತದೆ. ಜನರಲ್ ಮೋಟಾರ್ಸ್ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿದ್ದ ಬಿಲ್ ಮಿಚೆಲ್, ಬಾನೆಟ್ಟಿನಿಂದ ಹೊರಟ ಏಣೊಂದು ಮಾಳಿಗೆಯನ್ನು ಹತ್ತಿ, ಹಿಂದಿನ ಗಾಜನ್ನು ಎರಡಾಗಿ ಸೀಳಿ, ಬಾಲದ ತುದಿಯನ್ನು ಮುಟ್ಟಬೇಕೆಂದು ಹಟ ಹಿಡಿದನು. ಆ ಕಾರಿನ ಯಂತ್ರಭಾಗದ ಹೊಣೆ ಹೊತ್ತಿದ್ದ ಜೋರಾ ಅರ್ಕಸ್-ಡಂಟೋವ್, ಆ ಪಟ್ಟಿ ಚಾಲಕನ ಹಿನ್ನೋಟಕ್ಕೆ ಅಡ್ಡವೆಂದು ವಾದಿಸಿದನು. ಮೊದಲ ವರ್ಷ ಮಿಚೆಲ್ ಗೆದ್ದನು. ಸೀಳುಗಾಜಿನ 10,594 ಕಾರುಗಳು ಹೊರಬಂದುವು. ಮರುವರ್ಷವೇ ಪಟ್ಟಿ ಹೋಗಿ ಒಂದೇ ಗಾಜು ಬಂದಿತು. ಬೀಟಲ್‌ನ ಪಟ್ಟಿ ಗಾಜಿನ ಬಡತನದಿಂದ ಹುಟ್ಟಿದುದು. ಕಾರ್ವೆಟ್‌ನ ಪಟ್ಟಿಯಾದರೋ, ಬಾಗಿದ ದೊಡ್ಡ ಗಾಜು ಧಾರಾಳವಾಗಿ ದೊರೆಯುತ್ತಿದ್ದ ಕಾಲದಲ್ಲಿ ಬೇಕೆಂದೇ ಇಟ್ಟುದು.

ಡಂಟೋವ್‌ನ ಆಕ್ಷೇಪಣೆಯ ಹಿಂದಿರುವ ತತ್ತ್ವವನ್ನು ಯಾರು ಬೇಕಾದರೂ ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಪೆನ್ಸಿಲನ್ನು ತೋಳುದ್ದದಲ್ಲಿ ನೆಟ್ಟಗೆ ಹಿಡಿದು, ದೂರದ ವಿದ್ಯುತ್ ಕಂಬವೊಂದನ್ನು ಎರಡು ಕಣ್ಣುಗಳಿಂದಲೂ ನೋಡಿರಿ. ಪೆನ್ಸಿಲು ಕಂಬವನ್ನು ಮರೆಮಾಡಲಾರದು. ಬಲಗಣ್ಣಿಗೆ ಮರೆಯಾದುದನ್ನು ಎಡಗಣ್ಣು, ಎಡಗಣ್ಣಿಗೆ ಮರೆಯಾದುದನ್ನು ಬಲಗಣ್ಣು ಕಂಡು ಮಿದುಳಿಗೆ ಒಪ್ಪಿಸುತ್ತದೆ. ಪೆನ್ಸಿಲಿನ ಬದಲು ಅಂಚೆಕಾರ್ಡೊಂದನ್ನು ನೆಟ್ಟಗೆ ಹಿಡಿದರೆ ಕಂಬ ಪೂರ್ತಿಯಾಗಿ ಮರೆಯಾಗುತ್ತದೆ. ನಮ್ಮ ಕಣ್ಣುಗಳ ನಡುವಣ ಅಂತರ ಸುಮಾರು 6.5 ಸೆಂಟಿಮೀಟರು. ಅಡ್ಡಬರುವ ವಸ್ತು ಇದಕ್ಕಿಂತ ಕಿರಿದಾಗಿದ್ದರೆ, ಎರಡು ಕಣ್ಣಿಗೂ ಕಾಣದ ಪ್ರದೇಶ ಹಿಂದೆ ಹೋದಂತೆಲ್ಲ ಕಿರಿದಾಗುತ್ತ ಹೋಗಿ ಒಂದೆಡೆ ಮುಗಿದುಹೋಗುತ್ತದೆ. ಅಗಲವಾಗಿದ್ದರೆ, ದೂರ ಹೆಚ್ಚಿದಷ್ಟೂ ಆ ಕತ್ತಲೆಯ ಪ್ರದೇಶ ಹಿಗ್ಗುತ್ತಲೇ ಹೋಗುತ್ತದೆ.

ಲೆಕ್ಕಕ್ಕೆಂದು, ಕನ್ನಡಿಯ ಮಾರ್ಗವಾಗಿ ಅಳೆದಾಗ ಹಿಂದಿನ ಗಾಜು ಚಾಲಕನ ಕಣ್ಣಿನಿಂದ 2 ಮೀಟರು ದೂರದಲ್ಲಿದೆಯೆಂದು ಭಾವಿಸೋಣ. ಅಲ್ಲಿರುವ ಪಟ್ಟಿ 5 ಸೆಂಟಿಮೀಟರು ಅಗಲವಾಗಿದ್ದರೆ, ಅದರ ಮರೆ ಗಾಜಿನ ಹಿಂದೆ 7 ಮೀಟರು ಕಳೆಯುವುದರೊಳಗೆ ಕೊನೆಗಾಣುತ್ತದೆ. ಅದೇ ಪಟ್ಟಿ 10 ಸೆಂಟಿಮೀಟರು ಅಗಲವಾಯಿತೆಂದರೆ, ಕಣ್ಣಿನಿಂದ 50 ಮೀಟರು ದೂರದಲ್ಲಿ ಮರೆಯ ಅಗಲ ಹೆಚ್ಚುಕಡಮೆ 94 ಸೆಂಟಿಮೀಟರು. ಬೆನ್ನಟ್ಟಿ ಬರುತ್ತಿರುವ ಮೋಟಾರು ಬೈಸಿಕಲ್ಲೊಂದು, ಸವಾರನ ಸಮೇತ, ಅಷ್ಟರೊಳಗೆ ಅಡಗಬಲ್ಲದು. ಕೇವಲ 5 ಸೆಂಟಿಮೀಟರಿನ ವ್ಯತ್ಯಾಸದಿಂದ, ಕಾಣುವ ಕಿಟಕಿಗೂ ಕಾಣದ ಕಿಟಕಿಗೂ ಇಷ್ಟು ಅಂತರ. ಪ್ರಾಣರಕ್ಷಣೆಯ ವಿಷಯದಲ್ಲಿ ಚೆಲುವು ಎಷ್ಟು ದೂರ ಹೋಗಬಹುದೆಂಬ ಪ್ರಶ್ನೆಗೆ ರೇಖಾಗಣಿತ ಕೊಡುವ ಈ ಉತ್ತರವನ್ನು ಯಾವ ವಿನ್ಯಾಸಕಾರನೂ ಮೀರಲಾಗದು.

ಹಿಂಗಿಟಕಿ ದೊಡ್ಡದಾದಂತೆಲ್ಲ ಗಾಜು ಒಡೆಯುವ ಭಯವೂ ದೊಡ್ಡದಾಗುವುದಷ್ಟೆ. ಇದಕ್ಕೆ ಪರಿಹಾರ ದೊರೆತುದು ಬಹು ಹಳೆಯ ಕೌತುಕವೊಂದರಿಂದ. ಕಾದ ಗಾಜಿನ ತೊಟ್ಟನ್ನು ತಣ್ಣೀರಿಗೆ ಬೀಳಿಸಿದರೆ, ತಲೆ ದಪ್ಪವಾಗಿ ಬಾಲ ಸಣ್ಣದಾದ ಹನಿಯೊಂದು ಗಟ್ಟಿಗೊಳ್ಳುತ್ತದೆ. ಅದರ ತಲೆಯನ್ನು ಸುತ್ತಿಗೆಯಿಂದ ಬಡಿದರೂ ಒಡೆಯದು; ಬಾಲದ ತುದಿಯನ್ನು ಚಿವುಟಿದರೆ ಮಾತ್ರ ಇಡೀ ಹನಿ ಕ್ಷಣಾರ್ಧದಲ್ಲಿ ಪುಡಿಪುಡಿಯಾಗಿ ಸಿಡಿಯುತ್ತದೆ. ಹದಿನೇಳನೆಯ ಶತಮಾನದಲ್ಲಿ ರಾಜಕುಮಾರ ರೂಪರ್ಟ್ ಇಂಗ್ಲೆಂಡಿಗೆ ತಂದು ತೋರಿಸಿದ ಕಾರಣ ಇವಕ್ಕೆ ಅವನ ಹೆಸರೇ ನಿಂತಿದೆ. ನೀರಿಗೆ ಬಿದ್ದೊಡನೆ ಹನಿಯ ಹೊರಮೈ ಥಟ್ಟನೆ ಗಟ್ಟಿಯಾಗುತ್ತದೆ, ಒಳಭಾಗ ಇನ್ನೂ ಬಿಸಿಯಾಗಿರುತ್ತದೆ. ಬಳಿಕ ಒಳಭಾಗ ತಣಿದು ಕುಗ್ಗುವಾಗ, ಆಗಲೇ ಗಟ್ಟಿಯಾದ ಹೊರಮೈಯನ್ನು ತನ್ನೆಡೆಗೆ ಸೆಳೆಯುತ್ತದೆ. ಹೀಗೆ ಹೊರಮೈ ಸದಾ ಒತ್ತಡದಲ್ಲಿಯೂ ಒಡಲು ಸದಾ ಸೆಳೆತದಲ್ಲಿಯೂ ಉಳಿದುಬಿಡುತ್ತವೆ. ಗಾಜು ಒಡೆಯುವುದು ಮೇಲ್ಮೈಯ ಸಣ್ಣ ಗೀರು ಬಾಯ್ದೆರೆದಾಗ; ಮೇಲ್ಮೈ ಒತ್ತಡದಲ್ಲಿರುವಾಗ ಗೀರು ಬಾಯ್ದೆರೆಯಲಾರದು.

ಇದೇ ತತ್ತ್ವದಿಂದ ಗಾಜನ್ನು 600 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಕ್ಕೆ ಕಾಯಿಸಿ, ಎರಡು ಮೈಗಳ ಮೇಲೂ ನೂರಾರು ಕೊಳವೆಗಳಿಂದ ತಂಗಾಳಿ ಊದಿ ಹದಗೊಳಿಸುತ್ತಾರೆ. ಅಂಗಡಿಯವರ ಮಾತಿನಲ್ಲಿ ಅದೇ ಟೆಂಪರ್ಡ್ ಗ್ಲಾಸ್. ಸಾಮಾನ್ಯ ಗಾಜಿಗಿಂತ ಅದು ನಾಲ್ಕೈದು ಪಟ್ಟು ಗಟ್ಟಿ. ಒಡೆದಾಗಲೂ ಚೂರಿಯಂತಹ ಚೂರುಗಳಾಗದೆ, ಕಲ್ಲುಸಕ್ಕರೆಯ ಹರಳಿನಂತೆ ಮೊಂಡಾದ ತುಣುಕುಗಳಾಗಿ ಉದುರುತ್ತದೆ. ಕಾರಿನ ಮುಂಗಾಜಿಗೆ ಎರಡು ಹಾಳೆಗಳ ನಡುವೆ ಅಂಟುಪದರವಿಟ್ಟ ಗಾಜನ್ನೂ, ಹಿಂಗಿಟಕಿಗೆ ಸಾಮಾನ್ಯವಾಗಿ ಈ ಹದಗೊಳಿಸಿದ ಗಾಜನ್ನೂ ಬಳಸುತ್ತಾರೆ.

ಹಿಂಗಿಟಕಿಯೊಳಗೆ ಅಡಗಿರುವ ಈ ಒತ್ತಡವನ್ನು ಕಣ್ಣಾರೆ ಕಾಣಬಹುದು. ಬೆಳಗ್ಗೆ ಅಥವಾ ಸಂಜೆ, ತಿಳಿಯಾದ ನೀಲಿ ಆಕಾಶ ಪ್ರತಿಫಲಿಸುವಂತೆ ನಿಂತಿರುವ ಕಾರೊಂದರ ಹಿಂದಿನ ಗಾಜನ್ನು, ಪೋಲರಾಯ್ಡ್ ತಂಪುಕನ್ನಡಕ ಧರಿಸಿ ಓರೆಯಾಗಿ ನೋಡಿರಿ. ಬರಿಗಣ್ಣಿಗೆ ನಿರ್ಮಲವಾಗಿ ತೋರುತ್ತಿದ್ದ ಗಾಜಿನ ತುಂಬ, ಚಿರತೆಯ ಮೈಯಂತೆ ಸಾಲುಸಾಲಾಗಿ ಮಚ್ಚೆಗಳು ಮೂಡುತ್ತವೆ. ತಲೆಯನ್ನು ವಾಲಿಸಿದರೆ ಅವು ಗಾಢವಾಗುತ್ತವೆ, ಇಲ್ಲವೆ ಮಾಸುತ್ತವೆ. ಕಾರ್ಖಾನೆಯಲ್ಲಿ ತಂಗಾಳಿಯ ಕೊಳವೆಗಳು ಎಲ್ಲೆಲ್ಲಿ ಊದಿದುವೋ ಅದರ ಗುರುತು ಅದು. ನೀಲಿ ಆಕಾಶದ ಬೆಳಕಿನ ಅಲೆಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಒತ್ತಡಕ್ಕೊಳಗಾದ ಗಾಜು ಆ ಕಂಪನವನ್ನು ಸ್ಥಳದಿಂದ ಸ್ಥಳಕ್ಕೆ ಬೇರೆಬೇರೆಯಾಗಿ ತಿರುಚುತ್ತದೆ. ಕನ್ನಡಕ ಆ ಭೇದವನ್ನು ಬೆಳಕು ನೆರಳಾಗಿ ತೋರಿಸುತ್ತದೆ. ಗಾಜಿನ ಈ ಗುಣವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಗುರುತಿಸಿದನು. ಯಾರೂ ಬರೆಯದ ಈ ಚಿತ್ತಾರ ನಮ್ಮ ಬೀದಿಯ ಕಾರುಗಳ ಬೆನ್ನ ಮೇಲೆಲ್ಲ ಇದೆ.

ಬಾಗಿದ ಗಾಜು, ಹದಗೊಳಿಸಿದ ಗಾಜು ಎರಡೂ ಕೈವಶವಾದ ಮೇಲೆ ವಿನ್ಯಾಸಕಾರರ ಉತ್ಸಾಹಕ್ಕೆ ಎಣೆಯಿಲ್ಲದಾಯಿತು. ಅಮೆರಿಕದ ಸ್ಟುಡಿಬೇಕರ್ ಸ್ಟಾರ್‌ಲೈಟ್ 1947ರಲ್ಲಿ ನಾಲ್ಕು ಗಾಜುಗಳನ್ನು ಅಕ್ಕಪಕ್ಕ ಜೋಡಿಸಿ ಹಿಂಗಿಟಕಿಯನ್ನು ಪಾರ್ಶ್ವಗಳವರೆಗೂ ಸುತ್ತಿತ್ತು. 1964ರ ಪ್ಲಿಮತ್ ಬಾರಾಕುಡಾದಲ್ಲಿ 14.4 ಚದರಡಿಯ ಒಂದೇ ಗಾಜು ಕಾರಿನ ಬೆನ್ನನ್ನೆಲ್ಲ ಆವರಿಸಿತು. ಈ ನಡುವೆ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆಯಲ್ಲಿ ಆಲಸ್ಟರ್ ಪಿಲ್ಕಿಂಗ್ಟನ್, ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಬಿಟ್ಟು, ಉಜ್ಜುವ ಶ್ರಮವಿಲ್ಲದೆ ಎರಡು ಮೈಯೂ ನುಣುಪಾದ ಹಾಳೆಯನ್ನು ಪಡೆಯುವ ವಿಧಾನವನ್ನು ಸಾಧಿಸಿದ್ದನು. ಅದು 1959ರಲ್ಲಿ ಪ್ರಕಟವಾಯಿತು. ಮರಳು ಉಜ್ಜುತ್ತಿದ್ದ ಯಂತ್ರಗಳು ಕ್ರಮೇಣ ನಿಂತುವು.

ಇಂದಿನ ಕಾರಿನ ಹಿಂದಿನ ಗಾಜಿನಲ್ಲಿ ಅಡ್ಡಡ್ಡಲಾಗಿ ಎಳೆದ ಕಂದು ಗೆರೆಗಳಿರುತ್ತವೆ. ಅಂಚಿನುದ್ದಕ್ಕೂ ಕಪ್ಪು ಪಟ್ಟಿ, ಅದು ಒಳಮುಖವಾಗಿ ಚಿಕ್ಕಚಿಕ್ಕ ಚುಕ್ಕೆಗಳಾಗಿ ಕರಗುತ್ತದೆ. ಗೆರೆಗಳು ಬೆಳ್ಳಿಯ ಅಂಶವುಳ್ಳ ಲೇಪ. ವಿದ್ಯುತ್ ಹರಿದಾಗ ಕಾದು, ಗಾಜಿನ ಮೇಲೆ ಕವಿದ ಮಂಜನ್ನು ಆವಿಯಾಗಿಸುತ್ತವೆ. ಕಪ್ಪು ಪಟ್ಟಿ ಗಾಜನ್ನು ಹಿಡಿದಿರುವ ಅಂಟನ್ನು ಬಿಸಿಲಿನಿಂದ ಕಾಯುತ್ತದೆ. ಮಳೆಗಾಲದಲ್ಲಿ ಘಟ್ಟ ಇಳಿಯುವವರಿಗೆ ಆ ಗೆರೆಗಳ ಬೆಲೆ ಗೊತ್ತು. ಉಳಿದವರು ಅವನ್ನು ಗಮನಿಸುವುದೂ ಇಲ್ಲ. ಬೀಟಲ್‌ನ ಒಡೆಯನೂ ತನ್ನ ಕಾರಿನ ಪಟ್ಟಿಯನ್ನು ಹೀಗೆಯೇ ನೋಡಿದ್ದನು: ಅದೊಂದು ಕೊರತೆ, ಇಂದಲ್ಲ ನಾಳೆ ಹೋಗತಕ್ಕದ್ದು. ಅವನು ಗರಗಸದಿಂದ ಕೊಯ್ದೆಸೆದ ಆ ಒಂದು ಗೇಣು ಉಕ್ಕಿನಲ್ಲಿ, ಅಂದಿನ ಕುಲುಮೆಗಳಿಗೆ ಏನು ಸಾಧ್ಯವಿದ್ದಿತು, ಏನು ಸಾಧ್ಯವಿರಲಿಲ್ಲ ಎಂಬ ಸಾಕ್ಷ್ಯ ಅಡಗಿದ್ದಿತು. ಹಳೆಯ ಕಾರನ್ನು ನೋಡಹೋದಾಗ, ಅದರ ಹಿಂಬದಿಗೂ ಒಮ್ಮೆ ಬಳಸಿ ಹೋಗಿ ನಿಲ್ಲಿರೆಂದು ನಾನು ಕೇಳಿಕೊಳ್ಳುವುದು ಆ ಸಾಕ್ಷ್ಯಕ್ಕಾಗಿ.