ಯೋಜನಾ ವರದಿಯ ಸ್ಲೈಡ್ ಪ್ರದರ್ಶನ: ಅನಿಮೇಷನ್ ಬಳಕೆ ಕುರಿತು ಅರ್ಜಿದಾರರಿಗೆ ಮಾಹಿತಿ

ಸಾಲ ಅಥವಾ ಸಹಾಯಧನ ಕೋರಿರುವ ಅರ್ಜಿದಾರರು ಆಯ್ಕೆ ಸಮಿತಿಯ ಮುಂದೆ ಯೋಜನಾ ವರದಿಯನ್ನು ಸ್ಲೈಡ್‌ಗಳ ಮೂಲಕ ವಿವರಿಸುವಾಗ ಅನಿಮೇಷನ್ ಪರಿಣಾಮಗಳನ್ನು ಮಿತವಾಗಿ ಬಳಸುವುದು ಸೂಕ್ತ. ಸಮಿತಿಯು ಪರಿಶೀಲಿಸುವುದು ಅಂಕಿ-ಅಂಶಗಳನ್ನೇ ಹೊರತು ಅಕ್ಷರಗಳ ಚಲನೆಯನ್ನಲ್ಲ.

ಪವರ್‌ಪಾಯಿಂಟ್ ತಂತ್ರಾಂಶದಲ್ಲಿ ಪ್ರವೇಶ, ಒತ್ತು, ನಿರ್ಗಮನ ಹಾಗೂ ಚಲನಪಥ ಎಂಬ 4 ಬಗೆಯ ಪರಿಣಾಮಗಳಿವೆ. ಯೋಜನಾ ವರದಿಗೆ ಸಾಮಾನ್ಯವಾಗಿ ಪ್ರವೇಶ ಪರಿಣಾಮವೊಂದೇ ಸಾಕು.

1. ಯೋಜನಾ ವೆಚ್ಚ, ಸ್ವಂತ ಬಂಡವಾಳ, ಕೋರಿದ ಸಾಲ, ಮರುಪಾವತಿ ಅವಧಿ ಇವುಗಳನ್ನು 'ಅಪಿಯರ್' ಅಥವಾ 'ಫೇಡ್' ಬಳಸಿ ಒಂದೊಂದಾಗಿ ತೋರಿಸುವುದು. ಇದರಿಂದ ಸದಸ್ಯರ ಗಮನವು ವಿವರಿಸುತ್ತಿರುವ ಅಂಶದ ಮೇಲೆಯೇ ನಿಲ್ಲುತ್ತದೆ.

2. ಪರಿಣಾಮವನ್ನು 'ಆನ್ ಕ್ಲಿಕ್' ಎಂದು ನಿಗದಿಪಡಿಸುವುದು. ನಡುವೆ ಪ್ರಶ್ನೆ ಬಂದಲ್ಲಿ, ಉತ್ತರಿಸುವವರೆಗೆ ಸ್ಲೈಡ್ ಅಲ್ಲಿಯೇ ನಿಲ್ಲುತ್ತದೆ.

3. ತಿರುಗುವ, ಪುಟಿಯುವ ಪರಿಣಾಮಗಳನ್ನೂ ಶಬ್ದಗಳನ್ನೂ ಕೈಬಿಡುವುದು.

4. ಮುದ್ರಿತ ಹಾಗೂ ಪಿಡಿಎಫ್ ಪ್ರತಿಗಳಲ್ಲಿ ಅನಿಮೇಷನ್ ಇರುವುದಿಲ್ಲ. ಒಂದರ ಮೇಲೊಂದು ಬರುವಂತೆ ಜೋಡಿಸಿದ ಅಂಕಿಗಳು ಅಲ್ಲಿ ಕಲಸಿಕೊಂಡು ಓದಲಾಗದಂತಾಗುತ್ತವೆ. ಅಂತಹವುಗಳನ್ನು ಪ್ರತ್ಯೇಕ ಸ್ಲೈಡ್‌ಗಳಲ್ಲಿ ನೀಡತಕ್ಕದ್ದು.

ಪ್ರದರ್ಶನ ಮುಗಿದ ನಂತರ ಕಡತದಲ್ಲಿ ಅರ್ಜಿದಾರರ ಪರವಾಗಿ ಉಳಿಯುವುದು ಮುದ್ರಿತ ಪ್ರತಿ ಮಾತ್ರ. ಆದುದರಿಂದ ಸಲ್ಲಿಸುವ ಮುನ್ನ ಒಮ್ಮೆ ಮುದ್ರಿಸಿ, ಎಲ್ಲ ಅಂಕಿಗಳೂ ಸ್ಪಷ್ಟವಾಗಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.