ಹಳೆಯ ಟ್ರೈಲರ್ ಕೊಳ್ಳುವ ಮುನ್ನ

ನಮ್ಮ ಸದಸ್ಯರಲ್ಲಿ ಐದಾರು ಎಕರೆಯೊಳಗಿನ ಹಿಡುವಳಿಯವರೇ ಹೆಚ್ಚು. ಟ್ರ್ಯಾಕ್ಟರನ್ನೋ ಟಿಲ್ಲರನ್ನೋ ಹೇಗೋ ಸಾಲಸೋಲ ಮಾಡಿ ಕೊಂಡಿರುತ್ತಾರೆ. ಅದರ ಹಿಂದೆ ಕಟ್ಟುವ ಟ್ರೈಲರಿಗೆ ಮಾತ್ರ ಕೈಯಲ್ಲಿ ಹಣ ಉಳಿದಿರುವುದಿಲ್ಲ. ಆಗ ಹಳೆಯದೊಂದನ್ನು ಹುಡುಕುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಎಂಜಿನ್ ಇಲ್ಲದ, ಗೇರ್ ಇಲ್ಲದ ವಸ್ತು; ಚೆನ್ನಾಗಿ ಕಟ್ಟಿದ ಟ್ರೈಲರ್ ಇಪ್ಪತ್ತು ವರ್ಷ ದುಡಿದ ಮೇಲೂ ದುಡಿಯಬಲ್ಲದು. ಆದರೆ ಎಂಜಿನ್ ಇಲ್ಲವೆಂಬ ಕಾರಣಕ್ಕೇ ಬಣ್ಣ ನೋಡಿ ಬೆಲೆ ಕಟ್ಟಿ, ಅಡಿಗೆ ಬಗ್ಗಿ ನೋಡದೆ ಮುಂಗಡ ಕೊಟ್ಟು ಬರುವವರೂ ಇದ್ದಾರೆ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಟ್ರೈಲರಿನ ಕೊಂಡಿ ಕಡಿದರೆ ನಿಲ್ಲುವುದಿಲ್ಲ, ಇಳಿಜಾರಿನಲ್ಲಿ ತಾನೇ ಹೊರಡುತ್ತದೆ. ಮಲೆನಾಡಿನ ರಸ್ತೆಗಳಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

ಅಗ್ಗಕ್ಕೆ ಸಿಕ್ಕುವ ಹಳೆಯ ಟ್ರೈಲರುಗಳು ಹೆಚ್ಚಾಗಿ ಬಯಲುಸೀಮೆಯಿಂದ ಬರುತ್ತವೆ. ಮಂಡ್ಯ, ಮದ್ದೂರಿನ ಕಡೆ ಕಬ್ಬು ಹೊತ್ತದ್ದು, ದಾವಣಗೆರೆಯ ಕಡೆ ಭತ್ತ ಹೊತ್ತದ್ದು. ಅಲ್ಲಿನ ಸಮತಟ್ಟಾದ ದಾರಿಯಲ್ಲಿ ಬ್ರೇಕಿಲ್ಲದೆಯೂ ಕಾಲ ಕಳೆದಿರುತ್ತವೆ. ಅವನ್ನೇ ಮೂಡಿಗೆರೆಯ ತೋಟದ ತಿರುವಿಗೋ ತೀರ್ಥಹಳ್ಳಿಯ ಕೆಮ್ಮಣ್ಣಿನ ಏರಿಗೋ ತಂದಾಗ ಲೆಕ್ಕವೇ ಬೇರೆಯಾಗುತ್ತದೆ. ಆದ್ದರಿಂದ ಟ್ರೈಲರ್ ನೋಡಲು ಹೋಗುವ ಮೊದಲು ನಮ್ಮ ದಾರಿಯನ್ನು ಒಮ್ಮೆ ನಡೆದು ನೋಡಬೇಕೆಂಬುದು ನಮ್ಮ ಮೊದಲ ಸಲಹೆ. ಕೈಯಲ್ಲೊಂದು ಟೇಪು ಹಿಡಿದು ಗೇಟಿನ ಅಗಲ, ಅತಿ ಕಿರಿದಾದ ತಿರುವು, ಮೋರಿಯ ಮೇಲಿನ ಹಾಸುಗಲ್ಲು ಇವನ್ನೆಲ್ಲ ಅಳೆದುಕೊಳ್ಳಿ. ಅಡಿಕೆ ತೋಟದಲ್ಲಿ 9 ಅಡಿಗೆ 9 ಅಡಿ ಅಂತರವಿದ್ದರೂ ನಡುವೆ ಬಸಿಗಾಲುವೆ ಇರುವುದರಿಂದ ಟ್ರೈಲರ್ ತೋಟದ ಅಂಚಿಗೆ ಬಂದು ನಿಲ್ಲಬೇಕಾದದ್ದೇ. ಅಲ್ಲಿಂದ ಮುಂದಕ್ಕೆ ಹೆಡಿಗೆಯೇ ಗತಿ. ಅಂಚಿನವರೆಗೆ ಬರುವುದಕ್ಕೆ ಹತ್ತಡಿ ಉದ್ದದ ಗಾಡಿ ಬೇಕೇ, ಎಂಟಡಿಯದು ಸಾಕೇ ಎಂಬುದನ್ನು ದಾರಿಯೇ ಹೇಳುತ್ತದೆ.

ಎಷ್ಟು ದೊಡ್ಡದು ಬೇಕು?

ಕಾಫಿಯ ಭಾರ ನೋಡಿ ಟ್ರೈಲರಿನ ಗಾತ್ರ ನಿಶ್ಚಯಿಸುವುದು ಸರಿಯಲ್ಲ. 50 ಕಿಲೋ ಚೀಲ ಮೂವತ್ತು ಹೇರಿದರೆ ಒಂದೂವರೆ ಟನ್. ಸಣ್ಣ ಬೆಳೆಗಾರನ ವರ್ಷದ ಫಸಲೆಲ್ಲ ಇಂಥ ನಾಲ್ಕಾರು ಸಾಗಣೆಯಲ್ಲಿ ಮುಗಿದುಹೋಗುತ್ತದೆ. ಟ್ರೈಲರಿಗೆ ನಿಜವಾದ ಭಾರ ಬೀಳುವುದು ಗೊಬ್ಬರ, ಮರಳು, ಜಲ್ಲಿ, ಹಸಿ ಸೌದೆ ಹೇರಿದಾಗ. ಒಂದು ಘನ ಅಡಿ ನೀರಿನ ತೂಕ 28 ಕಿಲೋಕ್ಕಿಂತ ಸ್ವಲ್ಪ ಹೆಚ್ಚು. ಒದ್ದೆ ಮರಳಾದರೆ ಸುಮಾರು 50 ಕಿಲೋ. ಹತ್ತಡಿ ಉದ್ದ, ಆರಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ 90 ಘನ ಅಡಿ ಹಿಡಿಯುತ್ತದೆ. ಅದರ ತುಂಬ ಒದ್ದೆ ಮರಳು ತುಂಬಿದರೆ ನಾಲ್ಕೂವರೆ ಟನ್! ಮೂರು ಟನ್ನಿಗೆಂದು ಕಟ್ಟಿದ ಗಾಡಿಗೆ ಇದು ಒಂದೂವರೆ ಪಟ್ಟು. ತೊಟ್ಟಿ ತುಂಬಿಲ್ಲವೆಂದು ಹೇರುತ್ತ ಹೋಗುವುದು ನಮ್ಮವರ ಅಭ್ಯಾಸ. ದೊಡ್ಡ ತೊಟ್ಟಿ ಕೊಂಡರೆ ಈ ಅಭ್ಯಾಸವನ್ನೂ ಜೊತೆಗೆ ಕೊಂಡಂತೆ. ಬೆಟ್ಟದಿಂದ ಸೊಪ್ಪು, ದರಕು ತರುವವರಿಗೆ ಮಾತ್ರ ಜಾಗ ಹೆಚ್ಚು ಬೇಕು, ಭಾರ ಕಡಿಮೆ. ಅವರು ಸಣ್ಣ ತೊಟ್ಟಿಯನ್ನೇ ಕೊಂಡು ಪಕ್ಕಕ್ಕೆ ಗೂಟ ನಿಲ್ಲಿಸಿ ಎತ್ತರಿಸಿಕೊಳ್ಳಬಹುದು.

ಎರಡು ಚಕ್ರದ್ದೋ ನಾಲ್ಕು ಚಕ್ರದ್ದೋ ಎಂಬ ಪ್ರಶ್ನೆಗೆ ಮಲೆನಾಡಿನಲ್ಲಿ ಉತ್ತರ ಸುಲಭ. ನಾಲ್ಕು ಚಕ್ರದ ಗಾಡಿ ಹೆಚ್ಚು ಹೊರುತ್ತದೆ, ನಿಜ. ಆದರೆ ಅದಕ್ಕೆ ಕೊಂಡಿಯಲ್ಲೊಂದು, ಮುಂದಿನ ಚಕ್ರದ ಮೇಲೊಂದು, ಹೀಗೆ ಎರಡು ಕಡೆ ತಿರುಗುವ ಕೀಲು. ಹಿಂದಕ್ಕೆ ತಳ್ಳುವಾಗ ಅನುಭವಿ ಡ್ರೈವರನೂ ಬೆವರುತ್ತಾನೆ. ಎರಡು ಚಕ್ರದ್ದನ್ನು ಸುಲಭವಾಗಿ ಹಿಂದೆಗೆಯಬಹುದು. ಜೊತೆಗೆ ಅದರ ಭಾರದಲ್ಲಿ ಒಂದು ಪಾಲು ಟ್ರ್ಯಾಕ್ಟರಿನ ಹಿಂಚಕ್ರಗಳ ಮೇಲೆ ಬಿದ್ದು ಏರಿನಲ್ಲಿ ಹಿಡಿತ ಕೊಡುತ್ತದೆ. ಎತ್ತಿನ ಗಾಡಿ ಹೂಡಿದ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತಿತ್ತು. ಟ್ರೈಲರಿನಲ್ಲಿ ಹಿಂಭಾರವಾದರೆ ಟ್ರ್ಯಾಕ್ಟರಿನ ಹಿಂಚಕ್ರಗಳು ಹಗುರಾಗಿ ಜಾರುತ್ತವೆ. ಮುಂಭಾರ ಅತಿಯಾದರೆ ಏರಿನಲ್ಲಿ ಟ್ರ್ಯಾಕ್ಟರಿನ ಮೂತಿಯೇ ಮೇಲೇಳುತ್ತದೆ. ಆದುದರಿಂದ ಖಾಲಿ ಟ್ರೈಲರಿನ ಅಚ್ಚು ತೊಟ್ಟಿಯ ಎಲ್ಲಿ ಕುಳಿತಿದೆ ಎಂದು ನೋಡಿ. ನಟ್ಟನಡುವಿಗಿಂತ ತುಸು ಹಿಂದಿರಬೇಕು. ಯಾವುದೋ ಕಾಲದಲ್ಲಿ ತೊಟ್ಟಿಯನ್ನು ಹಿಂದಕ್ಕೆ ಬೆಳೆಸಿ ಬೆಸೆದಿದ್ದರೆ ಈ ಅಳತೆ ತಪ್ಪಿರುತ್ತದೆ. ಅಂಥದ್ದು ಬೇಡ.

ಇಳಿಜಾರಿನ ಲೆಕ್ಕ

ಎಂಟಡಿ ನಡೆದರೆ ಒಂದಡಿ ಏರುವ ರಸ್ತೆ ನಮ್ಮಲ್ಲಿ ಅಪರೂಪವಲ್ಲ. ಇಂಥ ಇಳಿಜಾರಿನಲ್ಲಿ ಗಾಡಿಯ ಒಟ್ಟು ತೂಕದ ಎಂಟನೆಯ ಒಂದು ಪಾಲು ಕೆಳಕ್ಕೆ ಎಳೆಯುತ್ತದೆ. ಟ್ರೈಲರೂ ಸರಕೂ ಸೇರಿ 4 ಟನ್ ಇದ್ದರೆ ಇಳಿಯುವಾಗ ಟ್ರ್ಯಾಕ್ಟರಿನ ಬೆನ್ನನ್ನು 500 ಕಿಲೋ ಬಲ ಸದಾ ನೂಕುತ್ತಿರುತ್ತದೆಯೆಂದು ತಿಳಿಯಬೇಕು. 35 ಎಚ್.ಪಿ.ಯ ಟ್ರ್ಯಾಕ್ಟರಿನ ಸ್ವಂತ ತೂಕ ಎರಡು ಟನ್ನಿನ ಆಸುಪಾಸು. 18–20 ಎಚ್.ಪಿ.ಯ ಸಣ್ಣ ಟ್ರ್ಯಾಕ್ಟರ್ ಒಂದು ಟನ್ನೂ ತೂಗುವುದಿಲ್ಲ. ತನಗಿಂತ ಇಮ್ಮಡಿ, ಮುಮ್ಮಡಿ ಭಾರದ ವಸ್ತುವನ್ನು ಒದ್ದೆ ಮಣ್ಣಿನ ಮೇಲೆ ಅದು ತಡೆಯುವುದೆಂತು? ತಿರುವಿನಲ್ಲಿ ಟ್ರೈಲರ್ ಹಿಂದಿನಿಂದ ಬಂದು ಟ್ರ್ಯಾಕ್ಟರನ್ನು ಅಡ್ಡಕ್ಕೆ ತಿರುಗಿಸಿಬಿಡುತ್ತದೆ. ಪ್ರಾಣಾಪಾಯವಾಗುವುದು ಹೀಗೆಯೇ.

ಇದಕ್ಕೆ ಮದ್ದು ಟ್ರೈಲರಿಗೆ ತನ್ನದೇ ಬ್ರೇಕ್ ಇರುವುದು. ಹಳೆಯವುಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇರುವುದಿಲ್ಲ, ಇದ್ದರೂ ನಿಲ್ಲಿಸಿದಾಗ ಹಾಕುವ ಕೈಬ್ರೇಕ್ ಮಾತ್ರ, ಅದೂ ತುಕ್ಕು ಹಿಡಿದು ಕುಳಿತಿರುತ್ತದೆ. ಮಾರುವವರ ಮುಂದೆಯೇ ಬ್ರೇಕ್ ಹಾಕಿಸಿ ಟ್ರ್ಯಾಕ್ಟರಿನಿಂದ ಎಳೆಸಿ. ಎರಡೂ ಚಕ್ರ ಸಮನಾಗಿ ಹಿಡಿಯಬೇಕು. ಒಂದು ಹಿಡಿದು ಇನ್ನೊಂದು ಉರುಳಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಬ್ರೇಕಿಲ್ಲದ್ದನ್ನೇ ಕೊಳ್ಳಬೇಕಾಗಿ ಬಂದರೆ, ಸರಕೂ ಸೇರಿ ಅದರ ತೂಕ ಟ್ರ್ಯಾಕ್ಟರಿನ ತೂಕವನ್ನು ಮೀರದಂತೆ ಹೇರುವುದೆಂದು ಮೊದಲೇ ನಿರ್ಧರಿಸಿ, ಅಷ್ಟೇ ಹಿಡಿಯುವ ಗಾತ್ರದ್ದನ್ನು ಕೊಳ್ಳಿ. ಟ್ರ್ಯಾಕ್ಟರಿನ ಎಡಬಲದ ಎರಡು ಬ್ರೇಕ್ ಪೆಡಲುಗಳನ್ನು ಟ್ರೈಲರ್ ಕಟ್ಟಿದಾಗ ಒಂದಕ್ಕೊಂದು ಜೋಡಿಸಿರಬೇಕೆಂಬುದು ಎಲ್ಲರಿಗೂ ಗೊತ್ತು. ಜೋಡಿಸುವ ಕೊಕ್ಕೆಯೇ ಕಳೆದುಹೋದ ಟ್ರ್ಯಾಕ್ಟರುಗಳು ಊರಿಗೆ ನಾಲ್ಕು ಸಿಕ್ಕುತ್ತವೆ!

ಟಿಲ್ಲರ್ ಟ್ರೈಲರಿನವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಸಮತಟ್ಟಿನಲ್ಲಿ ಎಡಗಡೆಯ ಸ್ಟೇರಿಂಗ್ ಕ್ಲಚ್ ಹಿಡಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಿಂದಿನಿಂದ ಭಾರ ನೂಕುತ್ತಿರುವಾಗ ಹಾಗಲ್ಲ. ಕ್ಲಚ್ ಬಿಟ್ಟ ಆ ಕಡೆಯ ಚಕ್ರಕ್ಕೆ ತಡೆ ತಪ್ಪಿ ವೇಗವಾಗಿ ಉರುಳುತ್ತದೆ, ಟಿಲ್ಲರ್ ಬಲಕ್ಕೆ ಹೊರಳುತ್ತದೆ. ಇದನ್ನು ತಿಳಿಯದ ಹೊಸಬರು ಗಾಬರಿಯಲ್ಲಿ ಮತ್ತಷ್ಟು ಬಿಗಿಯಾಗಿ ಹಿಡಿದು ಧರೆಗೆ ಬೀಳುತ್ತಾರೆ. ಆದಕಾರಣ ಟಿಲ್ಲರ್ ಟ್ರೈಲರಿನಲ್ಲಿ ಸೀಟಿನ ಮುಂದಿರುವ ಕಾಲಿನ ಬ್ರೇಕೇ ಜೀವ. ಅದು ಕೆಲಸ ಮಾಡದಿದ್ದರೆ ಉಳಿದದ್ದೆಲ್ಲ ಹೊಸದಾಗಿದ್ದರೂ, ಅದನ್ನು ಸರಿಪಡಿಸಿಕೊಡುವವರೆಗೆ ಮುಂಗಡ ಕೊಡಬೇಡಿ.

ಬಗ್ಗಿ ನೋಡಬೇಕಾದದ್ದು

ಟ್ರೈಲರ್ ನೋಡಲು ಹಗಲು ಹೊತ್ತಿನಲ್ಲಿ, ಖಾಲಿ ಇರುವಾಗ ಹೋಗಬೇಕು. ಒಂದು ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಒಂದು ಜಾಕು, ನಾಲ್ಕು ಮಾರು ಹಗ್ಗ ಇದ್ದರೆ ಸಾಕು.

ಮೊದಲು ಕೊಂಡಿ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಬಳೆ ದುಂಡಗಿರಬೇಕು. ಸವೆದು ಮೊಟ್ಟೆಯಾಕಾರಕ್ಕೆ ಬಂದು ಒಂದು ಕಡೆ ತೆಳ್ಳಗಾಗಿದ್ದರೆ ಬಳೆ ಬದಲಿಸಲೇಬೇಕು. ಬಳೆಯಿಂದ ಹಿಂದಕ್ಕೆ ಡ್ರಾಬಾರ್ ಚಾಸಿಗೆ ಸೇರುವ ಮೂಲೆ ಅತಿ ಮುಖ್ಯವಾದ ಜಾಗ. ಎಳೆತವೆಲ್ಲ ಬೀಳುವುದು ಅಲ್ಲಿ. ಬಿರುಕು ಇದ್ದರೆ ಬಣ್ಣದ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಾಣುತ್ತದೆ. ಉಳಿದೆಲ್ಲ ಕಡೆ ಬಣ್ಣ ಹಳೆಯದಾಗಿದ್ದು ಆ ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಿ, ಕೆರೆದು ನೋಡಲು ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಅದೇ ಉತ್ತರ. ಒಂದೇ ಜಾಗದಲ್ಲಿ ಬೆಸುಗೆಯ ಮೇಲೆ ಬೆಸುಗೆ ಬಿದ್ದಿರುವ ಚಾಸಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಹಗ್ಗವನ್ನು ಕೊಂಡಿಯ ಬಳೆಯ ನಡುವಿನಿಂದ ಅಚ್ಚಿನ ಬಲತುದಿಗೆ ಎಳೆದು ಗಂಟು ಹಾಕಿ, ಅದೇ ಅಳತೆಯನ್ನು ಎಡತುದಿಗೆ ಹಿಡಿದು ನೋಡಿ. ಎರಡೂ ಸಮವಿರಬೇಕು. ಬೆರಳಗಲಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಡ್ರಾಬಾರ್ ಬಾಗಿದೆ, ಇಲ್ಲವೆ ಪಾಟಾದ ನಡುಬೋಲ್ಟು ಕಡಿದು ಅಚ್ಚು ಸರಿದಿದೆ. ಬೋಲ್ಟಿನದಾದರೆ ಚಿಕ್ಕ ರಿಪೇರಿ. ಅಚ್ಚೇ ಬಾಗಿದ್ದರೆ ಟಯರುಗಳು ಒಳ ಅಂಚಿನಲ್ಲೋ ಹೊರ ಅಂಚಿನಲ್ಲೋ ಮಾತ್ರ ಸವೆದಿರುತ್ತವೆ. ಹೊಸ ಟಯರ್ ಹಾಕಿದರೂ ಒಂದೆರಡು ವರ್ಷದಲ್ಲಿ ಅದೇ ಗತಿ. ಪಾಟಾದ ಎಲೆಗಳಲ್ಲಿ ಮುರಿದದ್ದೆಷ್ಟು, ಎರಡು ಕಡೆಯ ಪಾಟಾ ಸಮಾನ ಎತ್ತರದಲ್ಲಿವೆಯೇ ಎಂಬುದನ್ನು ಹಿಂದೆ ನಿಂತು ನೋಡಿದರೆ ತಿಳಿಯುತ್ತದೆ.

ಜಾಕು ಕೊಟ್ಟು ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಕಟಕಟ ಎಂದರೆ ಬೇರಿಂಗ್ ಸಡಿಲ. ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಇದು ದೊಡ್ಡ ಖರ್ಚಲ್ಲ, ಬೆಲೆ ಇಳಿಸಲು ಒಳ್ಳೆಯ ಕಾರಣ. ಟಯರಿನ ಮಾತು ಬೇರೆ. ಜೊತೆ ಟಯರಿನ ಬೆಲೆ ಹಳೆಯ ಟ್ರೈಲರಿನ ಬೆಲೆಯಲ್ಲಿ ದೊಡ್ಡ ಪಾಲನ್ನೇ ನುಂಗುತ್ತದೆ. ಗೆರೆ ಚೆನ್ನಾಗಿದ್ದರೂ ಟಯರ್ ಹಳೆಯದಿರಬಹುದು. ಪಕ್ಕದಲ್ಲಿ ನಾಲ್ಕಂಕಿಯ ಅಚ್ಚು ಇದ್ದರೆ ಓದಿ. 2317 ಎಂದಿದ್ದರೆ 2017ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಬಿಸಿಲಿಗೆ ಒಣಗಿ ಪಕ್ಕವೆಲ್ಲ ಬಿರುಕು ಬಿಟ್ಟಿದ್ದರೆ ಅಂಕಿಯನ್ನು ಓದುವ ಅಗತ್ಯವೂ ಇಲ್ಲ.

ಕೊನೆಗೆ ತೊಟ್ಟಿ. ಕೊಳ್ಳುವವರು ಮೊದಲು ನೋಡುವುದು ಇದನ್ನೇ, ಆದರೆ ಅತಿ ಸುಲಭವಾಗಿ ಬದಲಿಸಬಹುದಾದದ್ದೂ ಇದೇ. ತಳದ ತಗಡನ್ನು ಅಡಿಯಿಂದ ಸ್ಕ್ರೂಡ್ರೈವರಿನಿಂದ ಚುಚ್ಚಿ. ಗೊಬ್ಬರ ಹೊತ್ತ ಗಾಡಿಯ ತಳವನ್ನು ಪೊಟ್ಯಾಶಿನ ಉಪ್ಪು ತಿಂದಿರುತ್ತದೆ. ಅಡಿಕೆ ತೋಟದಿಂದ ಬಂದದ್ದಾದರೆ ಮೈಲುತುತ್ತದ ಗುರುತು ಹುಡುಕಿ. ಮೈಲುತುತ್ತದ ನೀರು ಕಬ್ಬಿಣವನ್ನು ಕರಗಿಸಿ ಆ ಜಾಗದಲ್ಲಿ ತಾಮ್ರವನ್ನು ಕೂರಿಸುತ್ತದೆ. ಡ್ರಮ್ಮು ಇಟ್ಟ ಜಾಗದಲ್ಲಿ ತಗಡು ಜರಡಿಯಾಗಿರುತ್ತದೆ. ತಗಡು ಹೋಗಲಿ, ಅದರ ಕೆಳಗಿನ ಅಡ್ಡಪಟ್ಟಿಗಳು ಗಟ್ಟಿ ಇವೆಯೇ ಎಂದು ಸುತ್ತಿಗೆಯಿಂದ ತಟ್ಟಿ ಕೇಳಿ. ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ, ತುಕ್ಕು ತಿಂದದ್ದು ಡಬ್ ಎನ್ನುತ್ತದೆ. ಎತ್ತಿ ಸುರಿಯುವ ಹೈಡ್ರಾಲಿಕ್ ತೊಟ್ಟಿಯಾದರೆ ಭಾರ ಸಮೇತ ಎತ್ತಿಸಿ ಹತ್ತು ನಿಮಿಷ ಹಾಗೆಯೇ ಬಿಡಿಸಿ. ತಾನಾಗಿ ಇಳಿದರೆ ಎಣ್ಣೆ ಎಲ್ಲೋ ಸೋರುತ್ತಿದೆ. ಎತ್ತಿದ ತೊಟ್ಟಿಯ ಅಡಿಗೆ ಆನಿಕೆ ಕೊಡದೆ ಯಾರೂ ತಲೆ ಹಾಕಬಾರದು.

ಹಣದ ವಿಷಯದಲ್ಲಿ ನಮ್ಮ ಸೂಚನೆ ಇಷ್ಟೆ: ಕೈಯಲ್ಲಿ 60 ಸಾವಿರ ಇದ್ದರೆ 45 ಸಾವಿರದ ಟ್ರೈಲರ್ ಹುಡುಕಿ, ಉಳಿದದ್ದನ್ನು ಬೇರಿಂಗ್, ಬ್ರೇಕ್, ತಗಡು, ದೀಪಕ್ಕೆ ಇಟ್ಟುಕೊಳ್ಳಿ. ಕೊಯ್ಲಿನ ಗಡಿಬಿಡಿಯಲ್ಲಿ ಕೊಳ್ಳಲು ಹೊರಟರೆ ಚೌಕಾಸಿಗೆ ಜಾಗವಿರುವುದಿಲ್ಲ. ವರ್ಷಕ್ಕೆ ಇಪ್ಪತ್ತು ದಿನದ ಕೆಲಸವೂ ಇಲ್ಲದವರು ಕೊಳ್ಳುವುದೇ ಬೇಡ, ನೆರೆಯವರದನ್ನು ಬಾಡಿಗೆಗೆ ತರುವುದು ಲೇಸು.

ಕಾಗದಪತ್ರ

ಟ್ರೈಲರಿಗೆ ಟ್ರ್ಯಾಕ್ಟರಿನಿಂದ ಬೇರೆಯಾಗಿ ತನ್ನದೇ ನೋಂದಣಿ ಇರಬೇಕು. ಚಾಸಿಯ ಮೇಲೆ ಕೊರೆದ ನಂಬರನ್ನು ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಅದ್ದಿದ ಬಟ್ಟೆಯಿಂದ ಉಜ್ಜಿ ಆರ್.ಸಿ.ಯೊಂದಿಗೆ ತಾಳೆ ನೋಡಿ. ನೋಂದಣಿಯೇ ಇಲ್ಲದ್ದನ್ನು ‘ಆಮೇಲೆ ಮಾಡಿಸಿದರಾಯಿತು’ ಎಂದು ಕೊಳ್ಳಬೇಡಿ. ತಯಾರಕರ ಪ್ರಮಾಣಪತ್ರಗಳಿಲ್ಲದೆ ಅದು ಸುಲಭವಲ್ಲ. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ, ಸಾಲ ತೀರಿದ ಪತ್ರವನ್ನೂ ಬ್ಯಾಂಕಿನ ಸಹಿಯಿರುವ 35ನೆಯ ನಮೂನೆಯನ್ನೂ ಪಡೆದ ಮೇಲೆ ಹಣ ಕೊಡಬೇಕು. ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು. 1988ರ ಮೋಟಾರು ವಾಹನ ಕಾಯಿದೆಯಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನ. ಟ್ರ್ಯಾಕ್ಟರಿನ ವಿಮೆಯ ಕಾಗದದಲ್ಲಿ ಟ್ರೈಲರಿನ ನಂಬರೂ ಇದೆಯೇ ಎಂದು ಓದಿ ನೋಡಿ. ಕೂಲಿಯವರನ್ನು ಟ್ರೈಲರಿನಲ್ಲಿ ಕೂರಿಸಿಕೊಂಡು ಬರುವ ರೂಢಿ ನಮ್ಮಲ್ಲಿ ಎಲ್ಲೆಡೆ ಇದೆ. ಅದು ಸರಕಿನ ಗಾಡಿ. ಜನ ಹೇರಲು ಅನುಮತಿಯಿಲ್ಲ, ಅಪಘಾತವಾದರೆ ಪರಿಹಾರದ ಹೊಣೆ ಮಾಲೀಕನ ತಲೆಯ ಮೇಲೆಯೇ ಬೀಳಬಹುದು.

ಕೊಂಡ ದಿನ ಖಾಲಿ ಗಾಡಿಯನ್ನೇ ಎಳೆದು ತನ್ನಿ. ಅಷ್ಟು ದೂರದಿಂದ ಬರುವುದಲ್ಲ, ಒಂದು ಲೋಡು ಹುಲ್ಲಾದರೂ ಇರಲಿ ಎಂಬ ಆಸೆ ಬೇಡ. ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿ, ಕತ್ತಲಾಗುವ ಮೊದಲೇ ಮನೆ ಸೇರುವಂತೆ ಹೊರಡಿ. ಹತ್ತು ಕಿಲೋಮೀಟರ್ ಬಂದ ಮೇಲೆ ನಿಲ್ಲಿಸಿ ಎರಡೂ ಹಬ್‌ಗಳನ್ನು ಕೈಯಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಹತ್ತಿರದ ಊರಿನಲ್ಲೇ ಬಿಚ್ಚಿಸಿ ಗ್ರೀಸ್ ತುಂಬಿಸಿ, ಬೇಕಾದರೆ ಬೇರಿಂಗ್ ಹಾಕಿಸಿ, ಆಮೇಲೆ ಘಟ್ಟ ಏರಿಸಿ.