ಪುಟ್ಟ ಹೆಜ್ಜೆಗಳಿಗೆ ಸುರಕ್ಷಿತ ದಾರಿ

ಪ್ರತಿವರ್ಷ ಆಗಸ್ಟ್ 30ರಿಂದ ಒಂಬತ್ತು ದಿನಗಳ ಕಾಲ ಕರಾವಳಿಯ ಧರ್ಮಕೇಂದ್ರಗಳಲ್ಲಿ ಪುಟಾಣಿಗಳು ಹೂವಿನ ಬುಟ್ಟಿ ಹಿಡಿದು ಮಾತೆ ಮರಿಯಮ್ಮನವರ ಬಳಿಗೆ ಬರುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಸಿದ್ಧತೆಯದು. ಆದರೆ ಒಂದು ಕೈಯಲ್ಲಿ ಬುಟ್ಟಿ, ಮತ್ತೊಂದರಲ್ಲಿ ಕೊಡೆ ಹಿಡಿದ ಆ ಮಗು ಸುರಿಯುವ ಮಳೆಯಲ್ಲಿ ರಸ್ತೆ ದಾಟಿ ಬಂದಿದೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತೇವೆ? ಮಂಗಳೂರು, ಉಡುಪಿ, ಕುಂದಾಪುರಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಅನೇಕ ಮಕ್ಕಳ ಪಾಲಿಗೆ ನಿತ್ಯದ ದಾರಿಯೇ ಆಗಿದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರಕಾರದ ವರದಿ ತಿಳಿಸುತ್ತದೆ.

ಮಗು ಕಿರಿದಾದ ದೊಡ್ಡವನಲ್ಲ. ನಿಂತ ಕಾರಿನ ಮರೆಯಲ್ಲಿ ಅದು ಚಾಲಕನಿಗೆ ಕಾಣದು. ಅದಕ್ಕೂ ರಸ್ತೆ ಕಾಣದು. ಬರುವ ವಾಹನದ ವೇಗವನ್ನೂ ದೂರವನ್ನೂ ಸರಿಯಾಗಿ ಅಳೆಯುವ ಶಕ್ತಿ ಪ್ರಾಥಮಿಕ ಶಾಲೆಯ ಎಳೆಯರಿಗೆ ಇನ್ನೂ ಬಂದಿರುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ 11 ಮೀಟರ್ ಮುಂದೆ ಬಂದಿರುತ್ತದೆ. ಆದುದರಿಂದ 'ಜಾಗ್ರತೆ' ಎಂಬ ಒಂದು ಮಾತು ಸಾಲದು.

ಈ ಪಾಠವನ್ನು ಕರಿಹಲಗೆಯ ಮೇಲಲ್ಲ, ರಸ್ತೆಯ ಬದಿಯಲ್ಲೇ ಕಲಿಸಬೇಕು. ದಾಟುವ ಮುನ್ನ ನಿಲ್ಲುವುದು, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡುವುದು, ಕಿವಿಗೊಟ್ಟು ಆಲಿಸುವುದು, ಓಡದೆ ನಡೆದು ದಾಟುವುದು. ಕಾಲುದಾರಿಯಿಲ್ಲದ ಕಡೆ ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯುವುದು. ಬಸ್ಸಿನಿಂದ ಇಳಿದೊಡನೆ ಅದರ ಮುಂದಿನಿಂದ ದಾಟದೆ, ಬಸ್ಸು ಹೊರಟುಹೋಗುವವರೆಗೆ ಕಾಯುವುದು. ಜಪಗಳಂತೆ ಇವೂ ಪುನರಾವರ್ತನೆಯಿಂದಲೇ ಮೈಗೂಡುತ್ತವೆ.

ಆದರೆ ಮೊದಲ ಗುರುಗಳು ಹೆತ್ತವರಾದ ನಾವೇ. ಭಾನುವಾರದ ಪೂಜೆಗೆ ತಡವಾಯಿತೆಂದು ಒಂದೇ ಸ್ಕೂಟರಿನಲ್ಲಿ ನಾಲ್ವರು ಹೊರಡುತ್ತೇವೆ. ತಂದೆಯ ತಲೆಗೆ ಹೆಲ್ಮೆಟ್, ಮಕ್ಕಳ ತಲೆ ಬರಿದು! ನಾಲ್ಕು ವರ್ಷ ಮೀರಿದ ಸವಾರರಿಗೆಲ್ಲ ಹೆಲ್ಮೆಟ್ ಕಡ್ಡಾಯವೆಂದು 2019ರಲ್ಲಿ ತಿದ್ದುಪಡಿಗೊಂಡ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅಪ್ರಾಪ್ತ ವಯಸ್ಸಿನ ಮಗ ಬೈಕು ಓಡಿಸಿದರೆ ಹೆತ್ತವರಿಗೆ 25,000 ರೂಪಾಯಿ ದಂಡವನ್ನೂ ಸೆರೆವಾಸವನ್ನೂ ಅದೇ ಕಾಯಿದೆ ವಿಧಿಸುತ್ತದೆ. ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ನಡತೆಯನ್ನು ಬೇಗನೆ ಕಲಿಯುತ್ತಾರೆ.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ರಸ್ತೆ ಬಳಸುವವರಿಗಾಗಿ ವ್ಯಾಟಿಕನ್ 2007ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ಹತ್ತು ಆಜ್ಞೆಗಳಿದ್ದವು. 'ಕೊಲ್ಲಬೇಡ' ಎಂಬುದೇ ಮೊದಲನೆಯದು. ದುರ್ಬಲರನ್ನು ರಕ್ಷಿಸಬೇಕೆಂಬುದು ಒಂಬತ್ತನೆಯದು. ಅತಿವೇಗವನ್ನು ನಾವು ಪಾಪನಿವೇದನೆಯಲ್ಲಿ ಎಂದಾದರೂ ನೆನೆದಿದ್ದೇವೆಯೇ?

ಪ್ರಯಾಣಿಕರ ಪಾಲಕ ಸಂತ ಕ್ರಿಸ್ತೋಫರರ ಚಿತ್ರ ನಮ್ಮ ಎಷ್ಟೋ ವಾಹನಗಳಲ್ಲಿದೆ. ಅವರು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಮಗು ಸಾಕ್ಷಾತ್ ಕ್ರಿಸ್ತನೇ ಆಗಿದ್ದನೆಂದು ಐತಿಹ್ಯ ಹೇಳುತ್ತದೆ. ಇಂದು ಇಗರ್ಜಿಯ ಮುಂದೆ ರಸ್ತೆ ದಾಟಲು ಕಾದು ನಿಂತ ಮಗುವಿನಲ್ಲೂ ಆತನನ್ನೇ ಕಾಣೋಣ. ಬ್ರೇಕು ಒತ್ತೋಣ, ಕೈ ಹಿಡಿದು ದಾಟಿಸೋಣ.